ಮುತ್ಯಾ ಒತ್ತಿದ ಎಂಟರ್

ಬೆಳಗಾವಿ
೯ ಜೂನ್ ೨೦೨೫

ಪ್ರಮಿಳಕ್ಕನಿಗೆ,

ನಿನ್ನ ಅಜ್ಜಿ ಮಾಯವ್ವ ಆಯಿ ತೀರಿಕೊಂಡ ಸುದ್ದಿಯನ್ನು ಕಣಕುಂಬಿ ಬಸ್ಸಿನ ಕಂಡಕ್ಟರ್ ರಾಮಲಿಂಗ ಅವರು ಹೇಳಿದರು. "ನಿಮ್ಮ ಗೆಳತಿ ಪ್ರಮಿಳಾನ ಆಯಿ ಹ್ವಾದ್ರಂತರೀ. ಮಣ್ಣ ನಿನ್ನೇನ ಆತು" ಎಂದು ಹೇಳಿ ಬಸ್ ಹತ್ತಿಬಿಟ್ಟರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದೇ ಗೌಳಿವಾಡಾದಲ್ಲಿ ಹುಟ್ಟಿ, ಅದೇ ಕಾಡಿನಲ್ಲಿ ಎಮ್ಮೆ ಕಾಯ್ದು, ಅಲ್ಲೇ ಮುದುಕಿಯಾಗಿ ಸತ್ತ ಹೆಂಗಸು, ತಾನು ಅಲ್ಲಿಯವಳೆಂದು ಸಾಬೀತು ಮಾಡುವ ಮೊದಲೇ ಸತ್ತಳಲ್ಲ ಎಂದು ಸಿಟ್ಟು.

ಆದರೆ ಅವರ ಮಾತು ಉಳಿದಿದೆ, ಅಕ್ಕ. ಏಪ್ರಿಲ್ ತಿಂಗಳಲ್ಲಿ ನಾವಿಬ್ಬರು ಅವರ ಮುಂದೆ ಕೂತು ರೆಕಾರ್ಡ್ ಮಾಡಿಕೊಂಡ ಸಾಕ್ಷಿ ಈಗ ಇಡೀ ವಾಡಾದ ಬಲ. ಮೂರು ತಲೆಮಾರುಗಳಿಂದ ನೀವು ಆ ಕಾಡಿನಲ್ಲೇ ಇದ್ದೀರಿ ಎಂದು ತೋರಿಸಿದರಷ್ಟೇ ಜಮೀನಿನ ಹಕ್ಕು. ಅಷ್ಟು ಹಿಂದಿನದನ್ನು ಕಣ್ಣಾರೆ ಕಂಡವರು ಆಯಿ ಒಬ್ಬರೇ. ನಿನ್ನ ಅಜ್ಜ ಸಿದರಾಯ ಮುತ್ಯಾ ಆಯಿಯನ್ನು ಮದುವೆಯಾದ ಮೇಲೆ ಅಲ್ಲಿಗೆ ಬಂದವರು. ಇದೆಲ್ಲ ನಿನಗೆ ಗೊತ್ತು. ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಖಾನಾಪುರದಲ್ಲಿ ವಿಚಾರಣೆ ಜುಲೈ ೨೧ಕ್ಕೆ. ನಿನ್ನ ಫೋನಿನಲ್ಲಿ ಜಾಗ ಸಾಲದೆ ಅಲ್ಲಿಂದ ಎಲ್ಲ ತೆಗೆದಿದ್ದೇವೆ. ನಾನು ವಾಡಾಕ್ಕೆ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿರುವುದೊಂದೇ ಪ್ರತಿ.

ಲಕೋಟೆಯಲ್ಲಿ ಪೆನ್‌ಡ್ರೈವ್ ಇದೆ. ಅದರಲ್ಲಿ ನಾನೇ ಬರೆದ ಒಂದು ಸ್ಕ್ರಿಪ್ಟ್ ಇದೆ. ಕಂಪ್ಯೂಟರು ಒಂದರ ಹಿಂದೊಂದು ಮಾಡಬೇಕಾದ ಕೆಲಸಗಳನ್ನು ಅದರಲ್ಲಿ ಸಾಲಾಗಿ ಬರೆದಿದ್ದೇನೆ. ಅದು ರೆಕಾರ್ಡಿಂಗಿನ ತುಂಡುಗಳನ್ನೆಲ್ಲ ಕ್ರಮವಾಗಿ ಜೋಡಿಸಿ, ಪೆನ್‌ಡ್ರೈವಿಗೆ ಹಾಕುತ್ತದೆ. ನೀನು ಅದನ್ನು ರೆಕಾರ್ಡಿಂಗ್ ಇರುವ dakhale ಎಂಬ ಫೋಲ್ಡರಿಗೆ ಹಾಕು. ಆಜ್ಞೆ ಹೊಡೆಯುವ ಕಪ್ಪು ಪರದೆ ತೆರೆದು, ಆ ಫೋಲ್ಡರಿನೊಳಗೇ ನಿಂತು ಹೀಗೆ ಹೊಡೆ:

./jodisu.sh

ಆಮೇಲೆ ಒಂದು ಎಂಟರ್. ಪೆನ್‌ಡ್ರೈವನ್ನು ರಾಮಲಿಂಗ ಅವರ ಕೈಯಲ್ಲಿ ಕಳಿಸು.

ಮೌಸ್ ಹಿಡಿದು ಎಳೆದು ಹಾಕಿದರೆ ಆಗುವುದಿಲ್ಲವೇ ಎಂದು ಕಳೆದ ಸಲ ಕೇಳಿದ್ದೆ. ಆಗುತ್ತದೆ. ಆದರೆ ಗುಂಡಿ ಒತ್ತುವವರು ಕೊನೆಯತನಕ ಗಿರಾಕಿಗಳು. ಆಜ್ಞೆ ಬರೆಯುವವರು ಯಂತ್ರದ ಒಡೆಯರು. ಜಮೀನು ನಮ್ಮದು ಎನ್ನುವವರು ಯಂತ್ರವೂ ನಮ್ಮದು ಎನ್ನಲು ಕಲಿಯಬೇಕು. ಇದನ್ನು ನಾನು ಹತ್ತು ರೂಪಾಯಿಯ ಪುಸ್ತಿಕೆಯಲ್ಲಿ ಓದಿದ್ದು. ಹತ್ತು ರೂಪಾಯಿಯದೆಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ.

ದುಃಖದಲ್ಲಿ ನಿನ್ನ ಜೊತೆಗಿರುವ,
ಸಮೃದ್ಧಿ


ಗೌಳಿವಾಡಾ, ಕಣಕುಂಬಿ
೧೫ ಜೂನ್

ತಂಗಿ ಸಮೃದ್ಧಿಗೆ,

ನಿನ್ನ ಪತ್ರ ಭೀಮಕ್ಕನ ಚಹಾದಂಗಡಿಯಲ್ಲಿ ಸಿಕ್ಕಿತು. ಮಳೆ ಹಿಡಿದಿರುವುದರಿಂದ ಅವಳು ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು. ವಾಡಾದಲ್ಲಿ ಫೋನಿಗೆ ರೇಂಜ್ ಇಲ್ಲ, ಗುಡ್ಡ ಹತ್ತಿದರೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನೆ ಕರೆಂಟ್ ಬಂದಾಗ ನೀನು ಹೇಳಿದ ಹಾಗೆಯೇ ಮಾಡಿದೆ. ಮನೆಯವರೆಲ್ಲ ಸುತ್ತ ಕೂತಿದ್ದರು. ಎಂಟರ್ ಒತ್ತಿದರೆ 'ಪರ್ಮಿಷನ್ ಡಿನೈಡ್' ಎಂದು ಬಂತು.

"ಏನಂತೈತಿ?" ಎಂದರು ಮುತ್ಯಾ.

"ಪರವಾನಗಿ ಇಲ್ಲ ಅಂತೈತಿ."

"ಯಾರ್ದು ಪರವಾನಗಿ?"

"ಅದನ್ನ ಹೇಳವಲ್ದು."

"ಹಂಗಾರ ಇದರಾಗೂ ಒಬ್ಬ ಫಾರೆಸ್ಟ್ ಗಾರ್ಡ್ ಕುಂತಾನ. ಒಂದ್ ತಂಬಿಗಿ ಮಜ್ಜಿಗಿ ಕೊಟ್ಟು ಎಬ್ಬಿಸಿ ಕಳಸು."

ಎಲ್ಲರೂ ನಕ್ಕರು. ಆಯಿ ಹೋದ ಮೇಲೆ ಮನೆಯಲ್ಲಿ ನಗು ಕೇಳಿದ್ದು ಆಗಲೇ. ಆಮೇಲೆ ಮುತ್ಯಾ ನನಗೆ ಬೈದರು. ನಮ್ಮಲ್ಲಿ ಹೊಸ ಕೆಲಸ ಯಾವುದೇ ಇರಲಿ, ಮೊದಲು ಹಿರಿಯರ ಕೈ ಹಚ್ಚಿಸುತ್ತೇವೆ. ಮೊದಲ ಬಿತ್ತನೆಗೆ, ಕೊಟ್ಟಿಗೆಯ ಮೊದಲ ಗೂಟಕ್ಕೆ, ಎಲ್ಲಕ್ಕೂ. "ಸಣ್ಣಕಿ ನೀ ಕೈ ಹಚ್ಚೀದಿ, ಅದಕ್ಕ ಅದು ಒಲ್ಲೆ ಅಂತು. ಮುಂದಿನ ಸಲ ನಾ ಒತ್ತತೀನಿ ತಡಿ" ಎಂದರು.

ಈಗ ಏನು ಮಾಡಲಿ? ಮೌಸಿನಿಂದ ಎಳೆದು ಹಾಕಿಬಿಡಲೇ? ನೀನು ಬೈಯುತ್ತೀ ಎಂದು ಕೇಳುತ್ತಿದ್ದೇನೆ.

ನಿನ್ನ ಅಕ್ಕ,
ಪ್ರಮಿಳಾ


ಬೆಳಗಾವಿ
೧೮ ಜೂನ್

ಅಕ್ಕ,

ಎಳೆದು ಹಾಕಬೇಡ. ಬೈಯುತ್ತೇನೆ.

ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ಪರವಾನಗಿ ಎಂಬ ಮಾತು ಕಂಡದ್ದೇ ಮೈ ಉರಿಯಿತು. ಕಾಡಿಗೆ ಹೋಗಲು ಪರವಾನಗಿ, ಕಟ್ಟಿಗೆ ತರಲು ಪರವಾನಗಿ, ತನ್ನದೇ ಮನೆಯ ಛಾವಣಿಗೆ ಹೊಸ ಹಂಚು ಹಾಕಲು ಪರವಾನಗಿ. ತಲೆತಲಾಂತರದಿಂದ ಕೇಳಿ ಕೇಳಿ ನಿಮ್ಮ ಕೈ ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಈ ಯಂತ್ರದಲ್ಲಿ ಯಾವ ಗಾರ್ಡೂ ಇಲ್ಲ ಎಂದು ಮುತ್ಯಾನಿಗೆ ಹೇಳು. ಇಲ್ಲಿ ಪರವಾನಗಿ ಕೊಡುವವಳು ನೀನೇ. ಸ್ಕ್ರಿಪ್ಟಿಗೆ ಓಡುವ ಅಧಿಕಾರವನ್ನು ಅದರ ಒಡೆಯರು ಒಮ್ಮೆ ಕೊಡಬೇಕು, ಅಷ್ಟೇ. ಮೊದಲೇ ಹೇಳಲು ಮರೆತಿದ್ದೆ. ಅದೇ ಫೋಲ್ಡರಿನಲ್ಲಿ ನಿಂತು ಹೀಗೆ ಹೊಡೆ:

chmod +x jodisu.sh

ಆಮೇಲೆ ಮೊದಲು ಹೇಳಿದ ಸಾಲು. ಎಂಟರ್ ಒತ್ತಲು ಮುತ್ಯಾನನ್ನೇ ಕರೆ. ಅದು ನನಗೆ ಬಹಳ ಇಷ್ಟವಾಯಿತು. ಕಾಡಿನ ಹಿರಿಯನೊಬ್ಬ ಯಂತ್ರಕ್ಕೆ ಆಜ್ಞೆ ಕೊಡುವುದು.

ನಮ್ಮ ಅವ್ವ ಹಿಂದಿನಿಂದ ಇಣುಕಿ, "ಕ್ರಾಂತಿ ಮುಗದಿದ್ರ ಆ ಭಾಂಡೆ ಅಷ್ಟ ತಿಕ್ಕವಾ" ಎಂದಳು. ತಿಕ್ಕುತ್ತೇನೆ. ಪತ್ರ ನಾಳೆ ಬೆಳಗಿನ ಬಸ್ಸಿಗೆ.

ಯಾರ ಅಪ್ಪಣೆಗೂ ಕಾಯದ,
ಸಮೃದ್ಧಿ


ಬೆಳಗಾವಿ
೧೯ ಜೂನ್, ಸಂಜೆ

ಪ್ರಮಿಳಕ್ಕ,

ಬೆಳಿಗ್ಗೆ ಕಳಿಸಿದ ಪತ್ರದಂತೆ ಏನೂ ಮಾಡಬೇಡ. ಲ್ಯಾಪ್‌ಟಾಪ್ ಮುಟ್ಟಬೇಡ. ಮುತ್ಯಾನಿಗೂ ಮುಟ್ಟಲು ಬಿಡಬೇಡ.

ನಿಮ್ಮ ವಾಡಾದಲ್ಲಿ ನಾವು ನಡೆಸಿದ ಹಕ್ಕಿನ ಶಿಬಿರಕ್ಕೆ ಬಂದಿದ್ದ ನಮ್ಮ ಆಕಾಶ ನಿನಗೆ ನೆನಪಿರಬೇಕು. ಮಧ್ಯಾಹ್ನ ಅವನ ಕಂಪ್ಯೂಟರಿನಲ್ಲಿ ಇದೇ ಸ್ಕ್ರಿಪ್ಟ್ ಓಡಿಸಿ ತೋರಿಸಿದೆ. ಹೆಮ್ಮೆಯಿಂದ ತೋರಿಸಿದೆ. ಅವನ ಫೋಲ್ಡರಿನಲ್ಲಿದ್ದ ಫೋಟೋಗಳೆಲ್ಲ ನನ್ನ ಕಣ್ಣ ಮುಂದೆ ಇಲ್ಲವಾದವು. ಅವನ ಹತ್ತಿರ ಇನ್ನೊಂದು ಪ್ರತಿ ಇತ್ತು. ಅವನು ನಕ್ಕ. ನಾನು ಸ್ಕ್ರಿಪ್ಟ್ ತೆರೆದು ಸಾಲು ಸಾಲಾಗಿ ಓದಿದೆ.

ತಪ್ಪು ಇಷ್ಟು. ನನ್ನ ಕಂಪ್ಯೂಟರಿನಲ್ಲಿ ಅರ್ಧಂಬರ್ಧ ತುಂಡುಗಳನ್ನು ಹಾಕಲು 'ಕಚ್ಚಾ' ಎಂಬ ಒಂದು ಫೋಲ್ಡರ್ ಇದೆ. ಸ್ಕ್ರಿಪ್ಟಿನ ಮೊದಲ ಸಾಲು, ಕಚ್ಚಾದೊಳಗೆ ಹೋಗು. ಎರಡನೆಯ ಸಾಲು, ಅಲ್ಲಿರುವುದನ್ನೆಲ್ಲ ಗುಡಿಸಿಹಾಕು. ನಿನ್ನ ಲ್ಯಾಪ್‌ಟಾಪಿನಲ್ಲಿ ಕಚ್ಚಾ ಎಂಬುದೇ ಇಲ್ಲ. ಹೋಗಲು ಕೋಣೆ ಇಲ್ಲದಿದ್ದರೆ ಅದು ನಿಂತಲ್ಲೇ ಗುಡಿಸುತ್ತದೆ. ನಿಲ್ಲಲು ನಾನು ಹೇಳಿದ ಜಾಗ ಯಾವುದು? ಆಯಿಯ ಮಾತಿರುವ ಫೋಲ್ಡರ್. ಕೋಣೆ ಸಿಗದಿದ್ದರೆ ಸುಮ್ಮನೆ ನಿಲ್ಲು ಎಂಬ ಒಂದು ಸಾಲು ನಾನು ಬರೆಯಬೇಕಿತ್ತು. ಬರೆಯಲಿಲ್ಲ.

ಆ ದಿನ ಯಂತ್ರ ಪರವಾನಗಿ ಇಲ್ಲ ಎಂದಿತಲ್ಲ, ಅದರಿಂದ ಆಯಿ ಉಳಿದಿದ್ದರು. ನಾನು ಅದನ್ನು ಬೈದು ಪತ್ರ ಬರೆದೆ.

ನಿಲ್ದಾಣಕ್ಕೆ ಓಡಿದೆ. ಬೆಳಗಿನ ಬಸ್ ಹೋಗಿ ಎಷ್ಟೋ ಹೊತ್ತಾಗಿತ್ತು. ಭೀಮಕ್ಕನ ಅಂಗಡಿಯ ಫೋನ್ ಹತ್ತುತ್ತಲೇ ಇಲ್ಲ. ಇದನ್ನು ನಾಳೆಯ ಬಸ್ಸಿಗೆ ಕೊಡುತ್ತೇನೆ. ಒಂದು ವೇಳೆ ಈಗಾಗಲೇ ಮಾಡಿದ್ದರೆ ಲ್ಯಾಪ್‌ಟಾಪನ್ನು ಆರಿಸಿಬಿಡು. ಅದರಲ್ಲಿ ಹೊಸದಾಗಿ ಏನನ್ನೂ ತುಂಬಬೇಡ. ಅಳಿಸಿದ್ದು ಕೆಲವು ಸಲ ಸಿಗುತ್ತದೆ, ಅದರ ಜಾಗದಲ್ಲಿ ಬೇರೆಯದು ಬಂದು ಕೂರದಿದ್ದರೆ.

ಸಮೃದ್ಧಿ


ಖಾನಾಪುರ ಬಸ್ ನಿಲ್ದಾಣ
೨೧ ಜೂನ್

ಪ್ರಮಿಳಕ್ಕ,

ಕಣಕುಂಬಿಯ ದಾರಿಯಲ್ಲಿ ಮರ ಬಿದ್ದಿವೆ, ಗುಡ್ಡ ಕುಸಿದಿದೆ. ನಿನ್ನೆಯಿಂದ ಬೆಳಗಾವಿಯ ಬಸ್ ನಿಂತಿದೆ. ಮೊನ್ನೆ ಸಂಜೆ ಬರೆದ ಪತ್ರ ನನ್ನ ಚೀಲದಲ್ಲೇ ಇದೆ. ಜಾಂಬೋಟಿ ಮಾರ್ಗವಾಗಿ ಏನಾದರೂ ಸಿಗಬಹುದೆಂದು ಖಾನಾಪುರಕ್ಕೆ ಬಂದೆ. ಕಂಟ್ರೋಲರ್ ಕಿಟಕಿಯಿಂದ ತಲೆ ಎತ್ತದೆ ಹೇಳಿದರು, "ರೋಡ್ ಕಟ್ ಆಗೇತ್ರೀ. ಜಾಂಬೋಟಿ ಮುಂದ ಯಾವ್ದೂ ಹೋಗಾಂಗಿಲ್ಲ. ಮನಿಗೆ ಹೋಗ್ರಿ."

"ಬಾಳ ಅರ್ಜೆಂಟ್ ಐತ್ರೀ."

"ಗುಡ್ಡಕ್ಕ ಅದು ತಿಳಿಯಾಂಗಿಲ್ರೀ."

ರಾಮಲಿಂಗ ಅವರು ಇಲ್ಲೇ ಸಿಕ್ಕರು. ಅವರ ಬಸ್ ನಿಂತಿದ್ದರಿಂದ ಇಂದು ಬೇರೆ ರೂಟಿಗೆ ಹಾಕಿದ್ದಾರೆ. ನನ್ನ ಮುಖ ನೋಡಿ ಅವರೇ ಸಮಾಧಾನ ಮಾಡಿದರು. "ನಿಮ್ಮ ಪತ್ರದ ಚಿಂತಿ ಬಿಡ್ರಿ. ಮೊನ್ನಿ ಲಾಸ್ಟ್ ಟ್ರಿಪ್ ನಂದ ಇತ್ತು. ಹಿಂದ ಮರ ಬೀಳಾಕತ್ತಿದ್ವು, ಆದ್ರೂ ಮುಟ್ಟಿಸೇನಿ. ಪ್ರಮಿಳಾಬಾಯಿ ಅಂಗಡ್ಯಾಗ ಇದ್ರು, ಖುದ್ದ ಅವರ ಕೈಯಾಗ ಕೊಟ್ಟೇನಿ."

ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ. ಬೇರೆ ಏನು ಹೇಳಲಿ?

ವಾಡಾದಲ್ಲಿ ಕರೆಂಟ್ ಹೋಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ದೇವರನ್ನು ನಂಬದವಳು ಯಾರನ್ನು ಬೇಡುತ್ತೀ ಎಂದು ನೀನು ಕೇಳಬಹುದು. ನಿಮ್ಮೂರಿಗೆ ಕರೆಂಟ್ ಕೊಡಿ ಎಂದು ಶಿಬಿರದಲ್ಲಿ ಘೋಷಣೆ ಕೂಗಿದವಳೂ ನಾನೇ. ಜಾಂಬೋಟಿಗೆ ಹೋಗುವ ಹಾಲಿನ ಗಾಡಿಯವನಿಗೆ ಎರಡೂ ಪತ್ರ ಕೊಡುತ್ತೇನೆ. ಅಲ್ಲಿಂದ ನಡೆದು ಹೋಗುವವರು ಯಾರಾದರೂ ಸಿಕ್ಕರೆ ಕೊಡುತ್ತೇನೆ ಎಂದಿದ್ದಾನೆ.

ಬೆಂಚಿನ ಮೇಲೆ ಕೂತು ಬಸ್ಸುಗಳ ಬೋರ್ಡು ಓದುತ್ತಿರುವ,
ಸಮೃದ್ಧಿ


ಗೌಳಿವಾಡಾ
೨೫ ಜೂನ್

ತಂಗಿ ಸಮೃದ್ಧಿಗೆ,

ಈ ಪತ್ರ ಯಾವಾಗ ನಿನ್ನ ಕೈಸೇರುತ್ತದೋ ಗೊತ್ತಿಲ್ಲ. ದಾರಿ ಕಡಿದಿದೆ. ದಾರಿಯಾದಾಗ ಕಳಿಸಲು ಭೀಮಕ್ಕನ ಹತ್ತಿರ ಕೊಟ್ಟಿಡುತ್ತೇನೆ. ನಿನ್ನ ೧೮ನೇ ತಾರೀಖಿನ ಪತ್ರದ ನಂತರ ಮತ್ತೇನೂ ಬಂದಿಲ್ಲ.

ನಾವು ಏನೋ ತಪ್ಪು ಮಾಡಿದೆವು.

೨೦ನೇ ತಾರೀಖು ಬೆಳಿಗ್ಗೆ ಸ್ವಲ್ಪ ಹೊತ್ತು ಕರೆಂಟ್ ಬಂತು. ಮುತ್ಯಾ ಸ್ನಾನ ಮಾಡಿ ತಲೆಗೆ ಪಟಗಾ ಸುತ್ತಿಕೊಂಡು ಬಂದರು. ಲ್ಯಾಪ್‌ಟಾಪಿಗೆ ದೇವರ ಅರಿಶಿನದ ಭಂಡಾರ ಹಚ್ಚಿದರು. ವಾಡಾದವರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಪರವಾನಗಿಯ ಸಾಲನ್ನು ನಾನು ಹೊಡೆದೆ, ಎರಡನೆಯದನ್ನೂ ಹೊಡೆದೆ. ಅಕ್ಷರ ಅಕ್ಷರ ಓದಿಕೊಂಡು ಹೊಡೆದೆ.

"ಯಾವ್ದು ಒತ್ತಲಿ?"

"ಇದು ಮುತ್ಯಾ, ಉದ್ದಂದು."

"ಜೋರ ಒತ್ತಬೇಕೇನು?"

"ಹಗೂರ."

ಒತ್ತಿದರು. ಅಂಥ ಫೋಲ್ಡರ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಏನೋ ಬಂದು ಹೋಯಿತು. ಕೆಲಸ ಮುಗಿಯಿತೆಂದುಕೊಂಡು ಫೋಲ್ಡರ್ ತೆರೆದೆ. ಬರಿದಾಗಿತ್ತು. ನೀನು ಕಳಿಸಿದ ಸ್ಕ್ರಿಪ್ಟೂ ಇರಲಿಲ್ಲ. ಪೆನ್‌ಡ್ರೈವಿನಲ್ಲಿ ಉಳಿದಿದ್ದ ಸ್ಕ್ರಿಪ್ಟನ್ನು ಮತ್ತೆ ಹಾಕಿ ಮತ್ತೆ ಓಡಿಸಿದೆ. ಏನೂ ಬರಲಿಲ್ಲ.

ಹಿಂದಿನಿಂದ ಮುತ್ಯಾ, "ಹಂ, ಈಗ ಅಕಿ ಧ್ವನಿ ಹಚ್ಚು" ಎಂದರು.

ಅವರು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ನಿನಗೆ ನೆನಪಿದೆಯಲ್ಲ, ಗಂಡನ ಹೆಸರು ಹೇಳದಿದ್ದರೆ ಸಾಕ್ಷಿ ನಡೆಯುವುದಿಲ್ಲ ಎಂದು ನೀನು ಪಟ್ಟು ಹಿಡಿದಾಗ ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ನಕ್ಕು, ಕೊನೆಗೆ 'ಸಿದರಾಯ' ಎಂದದ್ದು. ಹುಟ್ಟಿದಾಗಿನಿಂದ ನಾನು ಅವಳ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ. ಮುತ್ಯಾನಿಗೆ ಹೇಳಿದರೆ ಅವರು ನಂಬಿರಲಿಲ್ಲ. ಹಚ್ಚಿ ತೋರಿಸುತ್ತೇನೆ ಎಂದರೆ, "ಬ್ಯಾಡ, ಅಕಿ ನಾಚತಾಳ" ಎಂದಿದ್ದರು. ಆಯಿ ಹೋದ ಮೇಲೆ ಸೂತಕ ಕಳೆಯಲಿ ಎಂದರು. ಆ ದಿನಕ್ಕೇ ಕಾದಿದ್ದರು.

ನಾನು ಎದ್ದು ಹೊರಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಯಾರೋ ಅವರಿಗೆ ಹೇಳಿದ್ದರು. ತನ್ನ ಕೈ ನೋಡಿಕೊಳ್ಳುತ್ತ ಕೂತಿದ್ದರು. "ನಾ ಜೋರ ಒತ್ತಿದ್ನೇನ, ಪ್ರಮಿಳಾ?" ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಕೇಳಿದರು. ಮತ್ತೆ ಇಲ್ಲ ಎಂದೆ. ಅದಾದ ಮೇಲೆ ಅವರು ಕಂಬಳಿ ಹೊದ್ದು ಮಲಗಿದ್ದೇ ಮಲಗಿದ್ದು. ನಿದ್ದೆ ಮಾತ್ರ ಇಲ್ಲ, ಕಣ್ಣು ಬಿಟ್ಟಿರುತ್ತಾರೆ.

ಏನೂ ಇಲ್ಲದಿರುವುದಕ್ಕಿಂತ ಇರಲಿ ಎಂದು ವಾಡಾದ ಉಳಿದವರ ಮಾತನ್ನೆಲ್ಲ ಮತ್ತೆ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿಗೆ ತುಂಬಿದ್ದೇನೆ. ಜಾಗ ತುಂಬಿಹೋಯಿತು. ಆಯಿ ಕಂಡದ್ದನ್ನು ಅವರ್ಯಾರೂ ಕಂಡಿಲ್ಲ. ಆದರೂ ಇರಲಿ.

ನಾನು ಎಲ್ಲಿ ತಪ್ಪಿದೆ, ತಿಳಿಸು. ನಿನ್ನ ಸ್ಕ್ರಿಪ್ಟು ಸರಿ ಇದ್ದೀತು. ನಮ್ಮ ಕೈಗೆ ಅಭ್ಯಾಸವಿಲ್ಲ.

ಪ್ರಮಿಳಾ


ಬೆಳಗಾವಿ
೬ ಜುಲೈ

ಅಕ್ಕ,

ನಿನ್ನ ಪತ್ರ ಇವತ್ತು ಬಂತು. ನನ್ನ ಎರಡು ಪತ್ರಗಳು ಹಾಲಿನ ಗಾಡಿಯಲ್ಲೋ, ಜಾಂಬೋಟಿಯ ಯಾವುದೋ ಕಿರಾಣಿ ಅಂಗಡಿಯಲ್ಲೋ ಉಳಿದಿರಬೇಕು.

ನೀನು ತಪ್ಪಲಿಲ್ಲ. ನೀನು ಒಂದಕ್ಷರವನ್ನೂ ತಪ್ಪಿ ಹೊಡೆಯಲಿಲ್ಲ. ನಾನು ಬರೆದದ್ದನ್ನು ಬರೆದ ಹಾಗೆಯೇ ಮಾಡಿದ್ದರಿಂದಲೇ ಎಲ್ಲ ಹೋಯಿತು. ಕೆಳಗಿನದನ್ನು ಮುತ್ಯಾನಿಗೆ ಓದಿ ಹೇಳು, ವಾಡಾದವರೆಲ್ಲ ಇರುವಾಗ ಓದು.

ಮುತ್ಯಾ, ಆಯಿಯ ಮಾತು ಅಳಿಸಿದ್ದು ಸಮೃದ್ಧಿ. ನಾನು ಬರೆದ ಆಜ್ಞೆಯಲ್ಲಿ ತಪ್ಪಿತ್ತು. ನೀವು ಹಗೂರ ಒತ್ತಿದ್ದರೂ ಹೋಗುತ್ತಿತ್ತು, ಜೋರ ಒತ್ತಿದ್ದರೂ ಹೋಗುತ್ತಿತ್ತು. ಯಾರು ಒತ್ತಿದ್ದರೂ ಹೋಗುತ್ತಿತ್ತು.

ದಾರಿ ತೆರೆದಿದೆ ಎನ್ನುತ್ತಾರೆ. ನಾನು ಬರುತ್ತೇನೆ. ಆದರೆ ಆ ಭಾರ ಅವರ ಮೇಲೆ ಇನ್ನೊಂದು ದಿನವೂ ಇರಬಾರದೆಂದು ಇದನ್ನು ಮುಂಚೆ ಕಳಿಸುತ್ತಿದ್ದೇನೆ.

ತಪ್ಪಿತಸ್ಥಳಾದ,
ಸಮೃದ್ಧಿ


ಬೆಳಗಾವಿ
೧೬ ಜುಲೈ

ಪ್ರಮಿಳಕ್ಕ,

ನಾನು ವಾಡಾದಿಂದ ತಂದ ಲ್ಯಾಪ್‌ಟಾಪನ್ನು ಮೂರು ಅಂಗಡಿಗಳಲ್ಲಿ ತೋರಿಸಿದೆ. ಕೊನೆಯವನು ಐದು ದಿನ ಇಟ್ಟುಕೊಂಡ. ಇಂದು ಸಿಕ್ಕ ತುಣುಕುಗಳನ್ನು ಕೇಳಿಸಿದ. ಎಲ್ಲವೂ ನೀನು ಆಮೇಲೆ ತುಂಬಿದ ಧ್ವನಿಗಳು. ಒಂದು ಕಡೆ ಎಮ್ಮೆಕರು ಕೂಗುತ್ತದೆ, ಹಿಂದೆ ಯಾರೋ ಹೆಂಗಸು ಅದನ್ನು ಗದರುತ್ತಾಳೆ. ಆಯಿಯೇ ಇರಬಹುದೆಂದು ಮತ್ತೆ ಮತ್ತೆ ಹಾಕಿಸಿದೆ. ಅವರಲ್ಲ. "ಇಷ್ಟ ಮ್ಯಾಲೆ ಬ್ಯಾರೆ ಹಾಕಿದ್ರ ಹೆಂಗ ಸಿಗತೈತ್ರೀ?" ಎಂದ.

ನಾನು ವಾಡಾಕ್ಕೆ ಬಂದ ದಿನ ನಿಮ್ಮ ಅಂಗಳದಲ್ಲಿ ನಡೆದದ್ದು ತಲೆಯಿಂದ ಹೋಗುತ್ತಿಲ್ಲ. ನನ್ನ ಪತ್ರವನ್ನು ನೀನು ಓದಿ ಹೇಳಿದ್ದೆ, ನಾನೂ ಬಾಯಿಬಿಟ್ಟು ಹೇಳಿದೆ. ಮುತ್ಯಾ ನನ್ನ ತಲೆ ಸವರಿ ನೆರೆಯವರಿಗೆ, "ದೊಡ್ಡ ಮನಸ್ಸಿನ ಹುಡುಗಿ ನೋಡ್ರಿ. ಮುದುಕನ ತಪ್ಪ ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾಳ" ಎಂದುಬಿಟ್ಟರು. ನಾನು ಕಸಬರಿಗೆ ಹಿಡಿದು, ಒಂದು ಮೂಲೆಯಲ್ಲಿ ನಿಂತು, ಇಲ್ಲದ ಕೋಣೆ ಯಾವುದು, ನಿಂತ ಜಾಗ ಯಾವುದು ಎಂದು ಗುಡಿಸಿ ತೋರಿಸಿದೆ. ಅವರು ಮಗುವಿನ ಹಾಗೆ ಗಮನವಿಟ್ಟು ನೋಡಿದರು. ನೋಡಿ ಹೇಳಿದರು, "ಖರೇ ತಂಗಿ. ಆದ್ರ ಕಸಬರಗಿ ತಾನ ಗುಡಸತೈತೇನ? ಕೈ ಬೇಕಲ್ಲ."

ನನ್ನಲ್ಲಿರುವ ಪುಸ್ತಿಕೆಗಳಲ್ಲಿ ಇದಕ್ಕೆ ಉತ್ತರ ಹುಡುಕಿದೆ. ನಗಬೇಡ. ನಿಜವಾಗಿಯೂ ಹುಡುಕಿದೆ.

೨೧ಕ್ಕೆ ನಾನೂ ಬರುತ್ತೇನೆ. ಅಧಿಕಾರಿಗಳ ಮುಂದೆ ನಾನೇ ಹೇಳುತ್ತೇನೆ.

ಸಮೃದ್ಧಿ


ಗೌಳಿವಾಡಾ
೨೩ ಜುಲೈ

ತಂಗಿ ಸಮೃದ್ಧಿಗೆ,

ಮೊನ್ನೆ ಅರ್ಜಿದಾರರನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡಲಿಲ್ಲ. ನೀನು ಗೇಟಿನ ಹೊರಗೆ ಜಗಳಾಡುತ್ತಿದ್ದದ್ದು ಒಳಗೂ ಕೇಳುತ್ತಿತ್ತು. ನಾವು ಹೊರಗೆ ಬರುವಷ್ಟರಲ್ಲಿ ಊರ ಬಸ್ ಹೊರಡುವುದರಲ್ಲಿತ್ತು, ಓಡಿ ಹತ್ತಿದೆವು. ನಿನ್ನ ಜೊತೆ ಮಾತಾಡಲು ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಸರದಿ ಬಂದಾಗ, ಹಿರಿಯರ ಹೇಳಿಕೆ ಎಲ್ಲಿದೆ ಎಂದು ಸಾಹೇಬರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುತ್ಯಾ ಎದ್ದು ನಿಂತರು.

"ಸಾಕ್ಷಿ ಇತ್ರೀ ಸಾಹೇಬ್ರ. ನಮ್ಮ ಮನಿಯಾಕಿ ಎಲ್ಲಾ ಹೇಳಿ ಹೋಗಿದ್ಳು. ನಾನ ಅಳಿಸಿಬಿಟ್ಟೀನಿ. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ, ವಾಡಾಕ್ಕ ಕೊಡಬ್ಯಾಡ್ರಿ."

ಸಾಹೇಬರು ಒಳ್ಳೆಯವರೇ. ಕುಂದರ್ರಿ ಅಜ್ಜಾರ ಎಂದರು, ನೀರು ತರಿಸಿದರು. ನಾನು ನಿನ್ನ ಪತ್ರ ತೆಗೆದು, ತಪ್ಪು ಇವರದಲ್ಲ ಎಂದೆ. ಒಂದು ಮನೆಯಿಂದ ಒಂದೇ ಹೇಳಿಕೆ ಸಾಕು ಎಂದರು ಸಾಹೇಬರು. ಗುಮಾಸ್ತರು ಮುತ್ಯಾ ಹೇಳಿದ್ದನ್ನೇ ಬರೆದುಕೊಂಡು ಓದಿ ಹೇಳಿದರು: ಲಭ್ಯವಿದ್ದ ಪುರಾವೆಯನ್ನು ಅರ್ಜಿದಾರರು ಸ್ವತಃ ಅಳಿಸಿರುವುದಾಗಿ ಒಪ್ಪಿಕೊಂಡಿರುತ್ತಾರೆ. ಕೆಳಗೆ ಮುತ್ಯಾನ ಹೆಬ್ಬೆಟ್ಟು ಹಾಕಿಸಿಕೊಂಡರು. ಬೇರೆ ಪುರಾವೆ ಇದ್ದರೆ ತನ್ನಿ, ಮುಂದಿನ ತಾರೀಖು ತಿಳಿಸುತ್ತೇವೆ ಎಂದರು. ಬೇರೆ ಪುರಾವೆ ಎಲ್ಲಿಂದ ಬರಬೇಕು?

ವಾಡಾದವರು ದಾರಿಯುದ್ದಕ್ಕೂ ಬೇರೆ ಪುರಾವೆ ಎಲ್ಲಿ ಸಿಕ್ಕೀತೆಂದು ಲೆಕ್ಕ ಹಾಕುತ್ತಿದ್ದರು. ಆದರೆ ಮುತ್ಯಾ, ಜಾಂಬೋಟಿ ದಾಟುವ ಮೊದಲೇ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದರು. ಬಸ್ ಕುಲುಕಿದರೂ ಎಚ್ಚರವಾಗಲಿಲ್ಲ. ಮನೆಗೆ ಬಂದು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡರು. "ಹೇಳೂದು ಹೇಳಿಬಿಟ್ಟೆ. ಹಗುರಾತು" ಎಂದು ಮತ್ತೆ ಮಲಗಿದರು. ಇವತ್ತು ಎಮ್ಮೆಗಳ ಹಿಂದೆ ತಾವೇ ಹೋಗಿದ್ದಾರೆ.

ಎಲ್ಲ ಸರಿಯಾಗಿ ಬರೆಸಲೇಬೇಕು, ಮೇಲಿನವರಿಗೆ ಅರ್ಜಿ ಹಾಕೋಣ, ತಪ್ಪು ನಿನ್ನದೆಂದು ಅಫಿಡವಿಟ್ ಮಾಡಿಕೊ ಎಂದು ಹಟ ಹಿಡಿಯುತ್ತೀ ಎಂದು ಗೊತ್ತು. ನೀನು ಹೇಳುವುದು ಖರೆ. ಆದರೆ ಆ ಖರೆಯನ್ನು ಈಗ ಮುತ್ಯಾನ ಮುಂದೆ ತೆಗೆದರೆ, ಸಾಹೇಬರ ಮುಂದೆ ಸುಳ್ಳು ಹೇಳಿದೆ ಎಂಬುದೊಂದು ಅವರ ತಲೆಗೆ ಹತ್ತುತ್ತದೆ. ಇನ್ನು ಮುಂದೆ ಆ ವಿಷಯ ಬರೆದರೆ ನಾನು ಅವರಿಗೆ ಓದಿ ಹೇಳುವುದಿಲ್ಲ. ಬೇರೆ ಏನಾದರೂ ಬರೆ, ಓದುತ್ತೇನೆ. ನೀನು ಹೇಗಿದ್ದಿ ಎಂದು ಅವರು ದಿನಾ ಕೇಳುತ್ತಾರೆ.

ನಿನ್ನ ಅಕ್ಕ,
ಪ್ರಮಿಳಾ